ಹಂಬಲಕ್ಕೆ ಅಳತೆಗೋಲುಂಟೆ?

ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಕಾಲವನ್ನು ಒಮ್ಮೆ ಅಳೆದು ತೃಪ್ತನಾಗುವ ವಿದ್ಯಾರ್ಥಿಯನ್ನು ನಾವು ಹಿಂದಕ್ಕೆ ಕಳುಹಿಸುತ್ತೇವೆ. ಮೂರು ಸಲ ಅಳೆದು, ಮೂರೂ ಹೊಂದುವುವೇ ಎಂದು ನೋಡಬೇಕು. ಸ್ವಂತ ಉದ್ಯಮವನ್ನು ಹೂಡಲು ಮನುಷ್ಯನನ್ನು ಪ್ರೇರಿಸುವ ಹಂಬಲವನ್ನು ಅಂಕಗಳಲ್ಲಿ ಹೇಳುವವರಿಂದಲೂ ಇದನ್ನೇ ಅಪೇಕ್ಷಿಸುವುದು ತಪ್ಪಾಗದು.

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡರು ಜನರನ್ನು ನೇರವಾಗಿ ಪ್ರಶ್ನಿಸಲಿಲ್ಲ. ಚಿತ್ರವೊಂದನ್ನು ತೋರಿಸಿ ಕಥೆ ಬರೆಯಿಸಿದರು. ಅದರಲ್ಲಿ ಸಾಧನೆಯ ಹಂಬಲ ಎಷ್ಟರ ಮಟ್ಟಿಗೆ ತಲೆದೋರಿದೆಯೆಂದು ನೋಡಿ ಅಂಕವಿತ್ತರು. 1961ರಲ್ಲಿ ಪ್ರಕಟವಾದ ‘ದಿ ಅಚೀವಿಂಗ್ ಸೊಸೈಟಿ’ ಎಂಬ ಗ್ರಂಥ ಈ ಅಳತೆಯನ್ನೇ ಆಧರಿಸಿದೆ. ಉಪಾಯವೇನೋ ಜಾಣತನದ್ದು. ಆದರೆ ಒಬ್ಬನೇ ಬರೆದ ಹಲವು ಕಥೆಗಳ ಅಂಕಗಳು ತಮ್ಮತಮ್ಮಲ್ಲೇ ಚೆನ್ನಾಗಿ ಹೊಂದುವುದಿಲ್ಲವೆಂದು ಡೋರಿಸ್ ಎಂಟ್ವಿಸಲ್ 1972ರಲ್ಲಿ ಆಕ್ಷೇಪಿಸಿದರು.

ಇನ್ನೊಂದು ಪರೀಕ್ಷೆ ನಮಗೆ ಹೆಚ್ಚು ಹಿಡಿಸಿದೆ. ನೆಟ್ಟ ಗೂಟಕ್ಕೆ ಬಳೆಯನ್ನು ಎಸೆಯುವ ಆಟ. ಎಲ್ಲಿ ನಿಲ್ಲಬೇಕೆಂಬುದು ಆಟಗಾರನ ಇಷ್ಟ. ಸಾಧನೆಯ ಹಂಬಲ ಹೆಚ್ಚಿರುವವರು ತೀರ ಹತ್ತಿರವಾಗಲಿ ತೀರ ದೂರವಾಗಲಿ ನಿಲ್ಲದೆ, ಸಾಮಾನ್ಯವಾಗಿ ನಡುವಣ ದೂರವನ್ನು ಆರಿಸುತ್ತಾರೆ. ಇಲ್ಲಿ ಬಾಯಿಮಾತಿಗೆ ಎಡೆಯಿಲ್ಲ, ಅಡಿಗೋಲು ಸಾಕು!

ಆದರೂ ಒಂದು ಸಂದೇಹ. ಆಟದ ಬಳೆ ತಪ್ಪಿದರೆ ಎತ್ತಿಕೊಂಡು ಮತ್ತೆ ಎಸೆಯಬಹುದು. ಬಾಳಿನಲ್ಲಿ ಒಬ್ಬನ ಕೈಯಲ್ಲಿ ಇಪ್ಪತ್ತು ಬಳೆಗಳಿದ್ದು ಇನ್ನೊಬ್ಬನಲ್ಲಿ ಒಂದೇ ಇದ್ದರೆ? ತಾಯಿಯ ಒಡವೆಯನ್ನು ಅಡವಿಟ್ಟು ಬಂಡವಾಳ ತಂದವನು ಗೂಟದ ಪಕ್ಕದಲ್ಲೇ ನಿಲ್ಲುತ್ತಾನೆ. ಅವನಿಗೆ ಹಂಬಲ ಕಡಿಮೆಯೆಂದು ಬರೆದುಕೊಂಡರೆ, ನಾವು ಅಳೆದದ್ದು ಅವನ ಮನಸ್ಸನ್ನಲ್ಲ, ಅವನ ಗಂಟನ್ನು.

ಮೆಕ್‌ಕ್ಲೆಲೆಂಡರ ಪ್ರಯೋಗವೇ ಇದಕ್ಕೆ ಇಂಬು ಕೊಡುವಂತಿದೆ. 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯಲ್ಲಿ ಹಂಬಲವನ್ನು ಬೆಳೆಸುವ ಶಿಕ್ಷಣ ಆರಂಭವಾಯಿತು. ತರುವಾಯ ಅವರ ಉದ್ಯಮಚಟುವಟಿಕೆ ಹೆಚ್ಚಿತೆಂದು, ಅವರೂ ಡೇವಿಡ್ ವಿಂಟರರೂ ಕೂಡಿ ಬರೆದ 1969ರ ಗ್ರಂಥ ತಿಳಿಸುತ್ತದೆ. ಆ ಫಲ ಕಂಡದ್ದು ವಿಶೇಷವಾಗಿ ಅಂಗಡಿಯ ಯಜಮಾನಿಕೆ ತಮ್ಮ ಕೈಯಲ್ಲಿದ್ದವರಲ್ಲಿ. ಹಂಬಲ ಹುಟ್ಟಿನಿಂದ ಬಂದ ಮಚ್ಚೆಯಲ್ಲ. ಮತ್ತು ನಿರ್ಧರಿಸುವ ಅಧಿಕಾರವಿಲ್ಲದವನಲ್ಲಿ ಅದು ಬೆಳೆದರೂ ಹೊರಗೆ ಕಾಣಿಸದು.

ಆದ್ದರಿಂದ ಇಂಥ ಅಂಕಗಳನ್ನು ಹಿಡಿದು ತರುಣರನ್ನು ‘ಉದ್ಯಮಕ್ಕೆ ಯೋಗ್ಯ’, ‘ಅಯೋಗ್ಯ’ ಎಂದು ಜರಡಿ ಹಿಡಿಯುವುದನ್ನು ನಾವು ಒಪ್ಪಲಾರೆವು. ಅಳೆಯಲೇಬೇಕೆಂದಾದರೆ, ಅಂಕದ ಪಕ್ಕದಲ್ಲಿ ಇನ್ನೊಂದು ಅಂಕಣವಿರಲಿ: ಅವನ ಕೈಯಲ್ಲಿ ಎಷ್ಟು ಬಳೆಗಳಿದ್ದುವು?