ಹಾಡದವರ ಹೆಸರು ಮೊದಲೇಕೆ?

ಅಮೆರಿಕದ ಸಂಗೀತ ನಿರ್ಮಾಪಕ ಬೆನ್ನಿ ಬ್ಲಾಂಕೊ 2018ರಲ್ಲಿ ಸ್ವಂತ ಹೆಸರಿನಲ್ಲಿ ಹೊರತಂದ ಮೊದಲ ಗೀತೆ ‘ಈಸ್ಟ್‌ಸೈಡ್’. ಹಾಡಿದವರು ಹ್ಯಾಲ್ಸಿ ಮತ್ತು ಖಲೀದ್; ಹಾಡದವರ ಹೆಸರು ಮೊದಲೇಕೆ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ರಿಹಾನಾ ಅವರ ‘ಡೈಮಂಡ್ಸ್’, ಮರೂನ್ ಫೈವ್ ತಂಡದ ‘ಮೂವ್ಸ್ ಲೈಕ್ ಜಾಗರ್’ ಗೀತೆಗಳ ಹಿಂದೆ ದುಡಿದ ಕೈಗಳಲ್ಲಿ ಅವರದೂ ಒಂದು. ಹಾಡನ್ನು ಕಟ್ಟಿದವರು ಮುನ್ನೆಲೆಗೆ ಬಂದರೆ ತಪ್ಪೇನು? ಬ್ರಿಟನ್ನಿನ ಕೇಳುಗರು ಆ ಗೀತೆಯನ್ನು ಅಗ್ರಸ್ಥಾನಕ್ಕೇರಿಸಿದರು.

ನಮ್ಮಲ್ಲಾದರೋ? ರಾಜ್ಯೋತ್ಸವದ ವೇದಿಕೆಯಲ್ಲಿ ‘ಜೀವನಚೈತ್ರ’ದ ‘ನಾದಮಯ’ವನ್ನು ಹಾಡಿಸಿ ಡಾ. ರಾಜ್‌ಕುಮಾರ್ ಅವರನ್ನು ಸ್ಮರಿಸುತ್ತೇವೆ. ಸ್ವರ ಸಂಯೋಜಿಸಿದ ಉಪೇಂದ್ರಕುಮಾರ್ ಅವರ ಹೆಸರು ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಕಂಠಕ್ಕಷ್ಟೇ ಸಲ್ಲುವ ಗೌರವ ಅರೆಬರೆಯ ಕೃತಜ್ಞತೆ. ಇನ್ನು ಮುಂದೆ ನಮ್ಮ ನಿರೂಪಕರು ಗಾಯಕರೊಡನೆ ಕವಿ, ಸಂಯೋಜಕರ ಹೆಸರನ್ನೂ ಹೇಳಲೇಬೇಕು.