ಸದನದ ಲೆಕ್ಕ ಯಾರಿಗೆ, ಯಾವಾಗ?

ಅಧಿವೇಶನ ನಡೆಯುವ ದಿನಗಳಲ್ಲಿ ಯಾವ ತಾಲ್ಲೂಕು ಕೇಂದ್ರದ ಶಾಸಕರ ಕಚೇರಿಗೆ ಹೋದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಸಾಹೇಬ್ರು ಅಧಿವೇಶನದಲ್ಲಿದ್ದಾರೆ, ಮುಂದಿನ ವಾರ ಬನ್ನಿ.’ ವರ್ಗಾವಣೆಗೆ ಶಿಫಾರಸು ಪತ್ರ ಬೇಕಾದ ಮೇಷ್ಟ್ರು, ಬೋರ್‌ವೆಲ್ ಕೇಳಲು ಬಂದ ರೈತ, ಮಗಳ ಲಗ್ನಪತ್ರಿಕೆ ಹಿಡಿದು ಬಂದ ತಂದೆ, ಎಲ್ಲರೂ ತಲೆಯಾಡಿಸಿ ವಾಪಸಾಗುತ್ತಾರೆ. ಅಧಿವೇಶನದಲ್ಲಿ ಏನು ನಡೀತಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವಷ್ಟು ಮಾಹಿತಿ ಕಚೇರಿಯಲ್ಲಿ ಕೂತ ಪಿಎ ಬಳಿಯೂ ಇರುವುದಿಲ್ಲ. ಯಾವ ಕೆಲಸಕ್ಕಾಗಿ ಆರಿಸಿ ಕಳಿಸಿದ್ದೇವೋ ಆ ಕೆಲಸದಲ್ಲಿ ಶಾಸಕರು ತೊಡಗಿರುವ ದಿನಗಳು, ಕ್ಷೇತ್ರದ ಕಣ್ಣಲ್ಲಿ ಅವರು ಕೈಗೆ ಸಿಗದ ದಿನಗಳು ಮಾತ್ರ.

ವಿಧೇಯಕಗಳು ಇನ್ನೂ ತೀರ್ಮಾನವಾಗದೆ ಇರುವಾಗಲೇ, ಅಧಿವೇಶನದ ನಡುವೆ, ಶಾಸಕರು ತಮ್ಮ ಮತದಾರರಿಗೆ ಬರವಣಿಗೆಯಲ್ಲಿ ಒಂದು ವರದಿ ಒಪ್ಪಿಸಬೇಕೇ? ಒಪ್ಪಿಸಬೇಕು ಎಂಬುದು ನನ್ನ ವಾದ. ಪಾರದರ್ಶಕತೆ, ಉತ್ತರದಾಯಿತ್ವ ಎಂದು ಭಾಷಣಗಳಲ್ಲಿ ಕೇಳಿಬರುವ ಕಾರಣಗಳಿಗಿಂತ ಮುಖ್ಯವಾದ ಕಾರಣವೊಂದಿದೆ. ಅಧಿವೇಶನದ ನಡುವಿನ ಸುದ್ದಿ ಈಗಲೂ ಹೊರಗೆ ಹೋಗುತ್ತಿದೆ, ಅದರಿಂದ ಕಾನೂನುಗಳು ಬದಲಾಗುತ್ತಲೂ ಇವೆ. ಆದರೆ ಆ ಸುದ್ದಿ ಹೊತ್ತಿಗೆ ಸರಿಯಾಗಿ ತಲುಪುವುದು ಕೆಲವರಿಗಷ್ಟೇ.

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಮಳೆಗಾಲದ ಅಧಿವೇಶನ ಶುರುವಾದ ದಿನವೇ, ಜುಲೈ 15ರಂದು, ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮದ ದೊಡ್ಡವರಿಂದಲೂ ಐಟಿ ಕಂಪನಿಗಳ ಒಕ್ಕೂಟದಿಂದಲೂ ಕಟುವಾದ ವಿರೋಧ ಬಂತು. 17ರಂದು ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಅದು ಒಳ್ಳೆಯ ಮಸೂದೆಯೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಸದನದ ಮೇಜಿಗೆ ಬರುವ ಮುಂಚೆಯೇ ಒಂದು ಕಾನೂನಿನ ದಾರಿ ಬದಲಾಯಿತು, ಅಷ್ಟನ್ನು ಗಮನಿಸೋಣ. ಅದನ್ನು ಬದಲಿಸಿದವರಿಗೆ ವಿಷಯ ಸಕಾಲಕ್ಕೆ ಗೊತ್ತಾಗಿತ್ತು, ತಮ್ಮ ಮಾತು ಯಾರಿಗೆ ಮುಟ್ಟಬೇಕೆಂಬುದೂ ಗೊತ್ತಿತ್ತು. ಕೊಪ್ಪಳದಲ್ಲೋ ಯಾದಗಿರಿಯಲ್ಲೋ ಐಟಿಐ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗನಿಗೂ ಆ ಮಸೂದೆಗೂ ನೇರ ಸಂಬಂಧವಿತ್ತು. ‘ಹೀಗೊಂದು ಬರ್ತಾ ಇದೆ, ನೀನೇನಂತೀಯಪ್ಪ?’ ಎಂದು ಅವನನ್ನು ಕೇಳುವ ಏರ್ಪಾಡು ನಮ್ಮಲ್ಲಿರಲಿಲ್ಲ. ಎರಡು ದಿನಗಳಲ್ಲಿ ಆದದ್ದೂ ಹೋದದ್ದೂ ಅವನಿಗೆ ತಿಳಿದದ್ದು ಟಿವಿಯ ಅಡಿಬರಹದಲ್ಲಿ.

ಇದಕ್ಕೆ ತಿರುಗುಮುರುಗಾದ ಉದಾಹರಣೆ 2020ರದ್ದು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನು ತೆಗೆದುಹಾಕುವ ಭೂಸುಧಾರಣಾ ತಿದ್ದುಪಡಿ ಜುಲೈನಲ್ಲಿ ಸುಗ್ರೀವಾಜ್ಞೆಯಾಗಿ ಬಂತು. ಸೆಪ್ಟೆಂಬರಿನ ಕಿರು ಅಧಿವೇಶನದಲ್ಲಿ ವಿಧಾನಸಭೆ ಅದನ್ನು ಒಪ್ಪಿತು. ಪರಿಷತ್ತು ಒಪ್ಪಿದ್ದು ಡಿಸೆಂಬರಿನಲ್ಲಿ. ಸಮಯ ಸಾಕಷ್ಟಿತ್ತು. ರೈತ ಸಂಘಟನೆಗಳು ಬೀದಿಗಿಳಿದವು, ಬಂದ್ ಕೂಡ ಆಯಿತು. ಆದರೆ ‘ನಮ್ಮ ಹೋಬಳಿಯಲ್ಲಿ ಇದರಿಂದ ಆಗುವುದೇನು, ನಾನು ಯಾವ ಕಡೆ ನಿಲ್ಲುತ್ತೇನೆ, ಯಾಕೆ’ ಎಂದು ಆ ತಿಂಗಳುಗಳಲ್ಲಿ ತನ್ನ ಕ್ಷೇತ್ರದ ಮನೆಮನೆಗೆ ಬರೆದು ತಿಳಿಸುವುದು ಶಾಸಕರ ಕರ್ತವ್ಯ ಎಂದು ಯಾವ ಪಕ್ಷವೂ ಭಾವಿಸಿರಲಿಲ್ಲ. ಮತದಾರರೂ ಭಾವಿಸಿರಲಿಲ್ಲ. ಕಾನೂನು ಆದಮೇಲೆ ಕೊಡುವ ವಿವರಣೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದರಿಂದ ತಿಳಿವಳಿಕೆ ಸಿಗಬಹುದು, ಬದಲಾವಣೆ ಆಗುವುದಿಲ್ಲ.

ಸದನದ ಸಮಾಚಾರವನ್ನು ಊರಿಗೆ ಮುಟ್ಟಿಸುವುದು ಹೊಸ ಕಲ್ಪನೆಯೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದಾಗ ಅದರಲ್ಲಿ 144 ಸದಸ್ಯರಿದ್ದರು, ಅದಕ್ಕೆ ಶಾಸನಾಧಿಕಾರ ಇರಲಿಲ್ಲ. ದಸರೆಯ ಹೊತ್ತಿಗೆ ಸೇರುತ್ತಿದ್ದ ಆ ಸಭೆಗೆ ದಿವಾನರು ವರ್ಷದ ಆಡಳಿತದ ವರದಿ ಒಪ್ಪಿಸುತ್ತಿದ್ದರು. ಸದಸ್ಯರು ತಮ್ಮ ಸೀಮೆಯ ಅಹವಾಲು ಹೇಳಿ, ಕೇಳಿದ್ದನ್ನು ಹೊತ್ತು ಊರಿಗೆ ಮರಳುತ್ತಿದ್ದರು. ಅಧಿಕಾರವೇ ಇಲ್ಲದ ಸಭೆಯಲ್ಲಿ ವರದಿಗೆ ಒಂದು ಸ್ಥಾನವಿತ್ತು. ಪೂರ್ಣ ಅಧಿಕಾರವಿರುವ 224 ಸದಸ್ಯರ ಇಂದಿನ ಸಭೆಯಲ್ಲಿ ಆ ಸ್ಥಾನ ಖಾಲಿ ಬಿದ್ದಿದೆ.

ಪ್ರತಿನಿಧಿಯಾದವನು ಮತದಾರರ ಹುಕುಂ ಪಾಲಿಸುವ ಆಳಲ್ಲ, ಸ್ವಂತ ವಿವೇಚನೆಯಿಂದ ನಡೆಯಬೇಕಾದವನು ಎಂಬ ವಾದಕ್ಕೆ ಎಲ್ಲರೂ ಆಧಾರವಾಗಿ ಹಿಡಿಯುವುದು ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರ ಮುಂದೆ ಮಾಡಿದ ಭಾಷಣವನ್ನು. ಅದೇ ಬರ್ಕ್ 1777ರಲ್ಲಿ ಬ್ರಿಸ್ಟಲ್ಲಿನ ಅಧಿಕಾರಿಗಳಿಗೆ ಅಮೆರಿಕದ ಯುದ್ಧದ ವಿಚಾರವಾಗಿ ಉದ್ದನೆಯ ಪತ್ರ ಬರೆದರು. ಕೆಲವು ಚರ್ಚೆಗಳಿಂದ ತಾವು ದೂರ ಉಳಿದದ್ದು ಯಾಕೆ ಎಂಬುದಕ್ಕೂ ಅದರಲ್ಲಿ ಕಾರಣ ಕೊಟ್ಟರು. ಇದು ನೆನಪಿನಲ್ಲಿ ಇರಬೇಕಾದ ಸಂಗತಿ. ಮತದಾರರ ಅಪ್ಪಣೆ ಬೇಡ ಎನ್ನುವವನ ಮೇಲೆ ಕಾರಣ ಹೇಳುವ ಹೊಣೆ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ.

ಇಂಥ ಪತ್ರಗಳನ್ನು ಕಂಡರೆ ಅಧಿಕಾರಸ್ಥರಿಗೆ ಭಯವೂ ಇತ್ತು. ಅಮೆರಿಕ ಹೊಸದಾಗಿ ಸ್ವತಂತ್ರವಾಗಿದ್ದ ಕಾಲದಲ್ಲಿ ಅಲ್ಲಿನ ಸಂಸತ್ ಸದಸ್ಯರು ರಾಜಧಾನಿಯಿಂದ ತಮ್ಮ ಕ್ಷೇತ್ರಕ್ಕೆ ಮುದ್ರಿತ ಸುತ್ತೋಲೆ ಪತ್ರ ಕಳಿಸುವ ರೂಢಿಯಿತ್ತು. ವರ್ಜೀನಿಯಾದ ಸ್ಯಾಮ್ಯುಯಲ್ ಕ್ಯಾಬೆಲ್ ಬರೆದ ಪತ್ರಗಳು ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟುತ್ತಿವೆ ಎಂದು 1797ರಲ್ಲಿ ರಿಚ್ಮಂಡಿನ ಗ್ರ್ಯಾಂಡ್ ಜ್ಯೂರಿ ಖಂಡಿಸಿತು. ಆಗ ಉಪರಾಷ್ಟ್ರಪತಿಯಾಗಿದ್ದ ಥಾಮಸ್ ಜೆಫರ್ಸನ್ ಹೆಸರು ಹಾಕದೆ ಒಂದು ಅರ್ಜಿ ಬರೆದು, ಪ್ರತಿನಿಧಿಗೂ ಮತದಾರರಿಗೂ ನಡುವಿನ ಮಾತುಕತೆಯಲ್ಲಿ ನ್ಯಾಯಾಲಯ ತಲೆಹಾಕಬಾರದೆಂದು ವಾದಿಸಿದರು. ನಿರಪಾಯಕಾರಿ ಕಾಗದದ ಮೇಲೆ ಯಾರೂ ಇಷ್ಟು ಸಿಟ್ಟಾಗುವುದಿಲ್ಲ.

ಇಂದಿಗೂ ಅಮೆರಿಕದ ಹಲವು ರಾಜ್ಯಗಳಲ್ಲಿ ಶಾಸಕರು ಅಧಿವೇಶನದ ಮಧ್ಯೆ ಕ್ಷೇತ್ರಕ್ಕೆ ವರದಿ ಕಳಿಸುತ್ತಾರೆ. ವಾಷಿಂಗ್ಟನ್ ರಾಜ್ಯವನ್ನೇ ತೆಗೆದುಕೊಳ್ಳಿ. ಅಲ್ಲಿ ಬೆಸ ಸಂಖ್ಯೆಯ ವರ್ಷಗಳಲ್ಲಿ 105 ದಿನ, ಸಮ ಸಂಖ್ಯೆಯ ವರ್ಷಗಳಲ್ಲಿ 60 ದಿನಗಳ ಅಧಿವೇಶನ. ಮಸೂದೆ ಹುಟ್ಟಿದ ಸದನವನ್ನು ದಾಟಲು ನಡುವೆ ಒಂದು ಗಡುವಿದೆ. ಅಷ್ಟರೊಳಗೆ ದಾಟದವು ಬಹುಮಟ್ಟಿಗೆ ಆ ವರ್ಷಕ್ಕೆ ಮುಗಿದಂತೆ. ಹಾಗಾಗಿ ಯಾವುದು ಉಳಿಯಿತು, ಯಾವುದು ಬಿತ್ತು, ಮುಂದೇನು ಎಂದು ಬರೆಯಲು ಒಂದು ಸಹಜ ಘಟ್ಟ ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ. ಸರ್ಕಾರ ತಂದ ಮಸೂದೆ ಸದನದಲ್ಲಿ ಬೀಳುವುದೇ ಅಪರೂಪ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡರೂ ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಎರಡು ವಾರದ ಅಧಿವೇಶನಕ್ಕೆ ನಡುವೆಂಬುದು ಎಲ್ಲಿಂದ ಬರಬೇಕು ಎಂದು ಯಾರಾದರೂ ನಗಬಹುದು. ಆದರೆ ದಿನಗಳು ಕಡಿಮೆಯಾದಷ್ಟೂ ಬಾಗಿಲು ಬೇಗ ಮುಚ್ಚುತ್ತದೆ, ಸುದ್ದಿ ಅಷ್ಟೇ ಬೇಗ ಹೊರಬರಬೇಕಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ವಿಪ್‌ನದು. 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ನಂತರ ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. ಯಾವ ಕಡೆ ಕೈ ಎತ್ತಬೇಕೆಂದು ಮೊದಲೇ ತೀರ್ಮಾನವಾಗಿರುವಾಗ ಶಾಸಕರು ಜನರಿಗೆ ಹೇಳುವುದಾದರೂ ಏನು? ಅದೂ ಅಲ್ಲದೆ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಅಂಗೀಕಾರವಾಗುತ್ತವೆ. ‘ಹೌದು’ ಎಂದವರ ದನಿ ಜೋರಾಗಿ ಕೇಳಿದರೆ ಮುಗಿಯಿತು. ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಆ ಹೊತ್ತಿಗೆ ಮೊಗಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು ಎಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಹಾಗಾಗಿ ಶಾಸಕರು ತಾವಾಗಿ ಬರೆದು ಹೇಳಿದ ಹೊರತು ಅವರ ನಿಲುವನ್ನು ತಿಳಿಯಲು ಮತದಾರನಿಗೆ ಬೇರೆ ದಾರಿಯಿಲ್ಲ.

ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳುವುದಕ್ಕೆ ಅದರ ಕಾಟವಿಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರುವ ಲಿಖಿತ ಉತ್ತರದ ಹಾಳೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಅ) ಇಂಥ ತಾಲ್ಲೂಕಿನ ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ‘ಬಂದಿದೆ.’ ಆ) ಬಂದಿದ್ದಲ್ಲಿ ಯಾವ ಕಾಲಮಿತಿಯಲ್ಲಿ ಭರ್ತಿ ಮಾಡಲಾಗುವುದು? ‘ನಿಯಮಾನುಸಾರ ಕ್ರಮ ವಹಿಸಲಾಗುವುದು.’ ಇ) ಇಲ್ಲದಿದ್ದಲ್ಲಿ ಕಾರಣವೇನು? ‘ಉದ್ಭವಿಸುವುದಿಲ್ಲ.’ ಒಣ ಭಾಷೆ, ನಿಜ. ಆದರೆ ‘ಗಮನಕ್ಕೆ ಬಂದಿದೆ’ ಎಂದ ಮೇಲೆ ಸರ್ಕಾರಕ್ಕೆ ಗೊತ್ತಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಬೆನ್ನುಹತ್ತಿ ಕೇಳಲು ಭರವಸೆಗಳ ಸಮಿತಿಯೇ ಇದೆ. ಆ ಹಾಳೆ ಅದೇ ವಾರ ಆ ಊರಿನ ಆಸ್ಪತ್ರೆಯ ಮುಂದೆ ನಿಂತವರ ಕೈಗೆ ಸಿಕ್ಕರೆ, ಅಧಿವೇಶನ ಮುಗಿಯುವುದರೊಳಗೆ ಶೂನ್ಯವೇಳೆಯಲ್ಲೋ ಗಮನ ಸೆಳೆಯುವ ಸೂಚನೆಯಲ್ಲೋ ಅದನ್ನು ಮತ್ತೆ ಎತ್ತಿಸಬಹುದು. ಈಗ ಅದು ಕಡತದಲ್ಲಿ ಬೆಚ್ಚಗಿರುತ್ತದೆ.

‘ಜನಕ್ಕೆ ಇದೆಲ್ಲ ಬೇಕಾಗಿಲ್ಲ, ರಸ್ತೆ ಆಯ್ತಾ ಅಂತ ಕೇಳ್ತಾರೆ’ ಎಂದು ರಾಜಕಾರಣಿಗಳು ಹೇಳುತ್ತಾರೆ. ಅರ್ಧ ನಿಜ. ಸ್ಥಳೀಯ ಪ್ರದೇಶಾಭಿವೃದ್ಧಿಗೆಂದು ಶಾಸಕರ ಕೈಗೆ ವರ್ಷಕ್ಕೆ 2 ಕೋಟಿ ರೂಪಾಯಿ ಬರುತ್ತದೆ. ಸಮುದಾಯ ಭವನ, ಹೈಮಾಸ್ಟ್ ದೀಪ, ಬಸ್ ತಂಗುದಾಣ, ಅದರ ಮೇಲೆ ಹೆಸರು. ಕಣ್ಣಿಗೆ ಕಾಣುವುದನ್ನು ಜನ ಕೇಳುತ್ತಾರೆ. ಸದನದ ಕೆಲಸವನ್ನು ಯಾರೂ ತೋರಿಸಿಲ್ಲ, ಹಾಗಾಗಿ ಕೇಳುವುದಿಲ್ಲ. ಇದಕ್ಕೆ ಇನ್ನೊಂದು ಕಹಿ ಮುಖವೂ ಇದೆ. ಶಾಂತವೇರಿ ಗೋಪಾಲಗೌಡರ ಕಾಲದ ಸಮಾಜವಾದಿಗಳೂ ಆಮೇಲೆ ರೈತ ಸಂಘದವರೂ ಜನರ ಮುಂದೆ ಕೈಯೊಡ್ಡಿದ್ದು ‘ಒಂದು ಓಟು, ಒಂದು ನೋಟು’ ಎಂದು. ಕೈಯಿಂದ ನೋಟು ಕೊಟ್ಟು ಕಳಿಸಿದವನು ಲೆಕ್ಕ ಕೇಳಲು ಹಿಂಜರಿಯುವುದಿಲ್ಲ. ಇವತ್ತು ನೋಟು ಉಲ್ಟಾ ದಿಕ್ಕಿನಲ್ಲಿ ಹರಿಯುತ್ತಿದೆ, ಇಸಿದುಕೊಂಡವನ ಬಾಯಿ ಕಟ್ಟಿದೆ. ಇದನ್ನು ಒಂದು ಪತ್ರ ಸರಿಪಡಿಸೀತೆಂಬ ಭ್ರಮೆ ನನಗಿಲ್ಲ. ಆದರೆ ಲೆಕ್ಕ ಕೇಳದವರ ಊರಿನಲ್ಲಿ ಲೆಕ್ಕ ಒಪ್ಪಿಸುವ ಒಬ್ಬ ಶಾಸಕ ಇದ್ದರೆ, ಪಕ್ಕದ ಕ್ಷೇತ್ರದವರಿಗೆ ಕೇಳುವ ಧೈರ್ಯ ಬಂದೀತು.

ಕಲಾಪ ನೇರ ಪ್ರಸಾರವಾಗುವಾಗ ಪತ್ರ ಯಾಕೆ ಎಂಬ ಮಾತೂ ಇದೆ. ಪ್ರಸಾರವಾಗುವುದು ಎಲ್ಲವೂ, ನೋಡಸಿಗುವುದು ಸದನದ ಬಾವಿಗಿಳಿದವರ ಗದ್ದಲ. ಇಡೀ ದಿನದ ಕಲಾಪದಿಂದ ನಮ್ಮ ತಾಲ್ಲೂಕಿಗೆ ಸಂಬಂಧಿಸಿದ ಮೂರು ನಿಮಿಷವನ್ನು ಹೆಕ್ಕಿ ಕೊಡುವ ಕೆಲಸ ಕ್ಯಾಮೆರಾದ್ದಲ್ಲ.

ನಾನು ಗಂಭೀರವಾಗಿ ತೆಗೆದುಕೊಳ್ಳುವ ಅಪಾಯ ಬೇರೆ: ಇದು ಸರ್ಕಾರಿ ಖರ್ಚಿನ ಸ್ವಯಂಪ್ರಚಾರವಾಗಬಹುದು. ಮುಖಪುಟದಲ್ಲಿ ಕೈಮುಗಿದ ಚಿತ್ರ, ಒಳಗೆ ಗುದ್ದಲಿಪೂಜೆಗಳ ಸಾಲು. ವಾಷಿಂಗ್ಟನ್ ರಾಜ್ಯದಲ್ಲಿ ಚುನಾವಣೆಯ ವರ್ಷ ಸರ್ಕಾರಿ ದುಡ್ಡಿನಿಂದ ಕಳಿಸುವ ಇಂಥ ಪತ್ರಗಳಿಗೆ ಕಾನೂನಿನ ಕಡಿವಾಣವಿರುವುದು ಇದೇ ಕಾರಣಕ್ಕೆ. ಆದ್ದರಿಂದ ಶಾಸಕರಿಗೆ ತೋಚಿದಂತೆ ಬರೆಯಲು ಬಿಡದೆ ಒಂದು ನಮೂನೆ ಗೊತ್ತುಮಾಡಬೇಕು. ಎರಡು ಪುಟ ಸಾಕು. ಈವರೆಗೆ ಎಷ್ಟು ದಿನ ಹಾಜರಿದ್ದೆ. ಯಾವ ಪ್ರಶ್ನೆ ಕೇಳಿದೆ, ಬಂದ ಉತ್ತರವೇನು, ಉತ್ತರಿಸುವವರ ಮಾತಿನಲ್ಲೇ. ಮುಂದಿನ ವಾರ ಬರಲಿರುವ ಯಾವ ಮಸೂದೆ ನಮ್ಮ ಕ್ಷೇತ್ರವನ್ನು ತಟ್ಟುತ್ತದೆ, ಅದರಲ್ಲಿ ನನ್ನ ನಿಲುವೇನು. ಪಕ್ಷದ ನಿಲುವಿಗೆ ಕಟ್ಟುಬಿದ್ದಿದ್ದರೆ ಹಾಗೆಂದೇ ಒಪ್ಪಿಕೊಂಡ ಒಂದು ಸಾಲು. ಇಂಥ ದಿನದೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ವಿಳಾಸ. ಚಿತ್ರ ಬೇಡ, ಕಾಮಗಾರಿಯ ಪಟ್ಟಿ ಬೇಡ. ಸಮಿತಿಗಳ ಒಳಗಿನ ಚರ್ಚೆ ವರದಿ ಮಂಡನೆಯಾಗುವವರೆಗೆ ಗುಟ್ಟಾಗಿರಬೇಕು, ಅದೂ ಬೇಡ. ಗ್ರಾಮ ಪಂಚಾಯಿತಿಯ ಸೂಚನಾ ಫಲಕ, ಗ್ರಂಥಾಲಯ, ಊರಿನ ವಾಟ್ಸ್ಆ್ಯಪ್ ಗುಂಪು, ಹಂಚಲು ಇಷ್ಟು ಸಾಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಮನಸ್ಸು ಮಾಡಿದ ಒಬ್ಬರು ನಾಳೆಯೇ ಶುರುಮಾಡಬಹುದು.

ಪತ್ರದಲ್ಲಿ ಸುಳ್ಳು ಬರೆದರೆ? ಬರೆಯುವವರು ಇದ್ದೇ ಇರುತ್ತಾರೆ. ಆದರೆ ಸದನದ ನಡಾವಳಿ ಮುದ್ರಿತ ದಾಖಲೆ. ಕೇಳದ ಪ್ರಶ್ನೆಯನ್ನು ಕೇಳಿದೆನೆಂದು ಬರೆದವರನ್ನು ಎದುರಾಳಿಗಳು, ಪತ್ರಕರ್ತರು, ಓದು ಬಲ್ಲ ಯಾವ ಮತದಾರನಾದರೂ ಆ ದಾಖಲೆ ತೋರಿಸಿ ಹಿಡಿದುಹಾಕಬಹುದು. ವೇದಿಕೆಯ ಮೇಲಿನ ಭಾಷಣಕ್ಕೆ ಆ ಭಯವಿಲ್ಲ, ಮೌನಕ್ಕಂತೂ ಇಲ್ಲವೇ ಇಲ್ಲ.