ಮಗು ಎದ್ದು ನಿಲ್ಲುವ ಮೊದಲೇ ತೊಟ್ಟಿಲನ್ನು ಅಟ್ಟಕ್ಕೇರಿಸಿ

ಮಗುವನ್ನು ತೊಟ್ಟಿಲಿಗೆ ಹಾಕಲು ನಾವು ಒಳ್ಳೆಯ ದಿನ ನೋಡುತ್ತೇವೆ, ಬಂಧುಬಳಗವನ್ನು ಕರೆಯುತ್ತೇವೆ, ಹಾಡು ಹೇಳಿ ಹೆಸರಿಡುತ್ತೇವೆ. ಆದರೆ ಅದೇ ಮಗುವನ್ನು ತೊಟ್ಟಿಲಿನಿಂದ ಇಳಿಸುವ ದಿನವನ್ನು ಯಾರೂ ಗೊತ್ತುಮಾಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗು ಕೆಳಗೆ ಬಿದ್ದ ದಿನವೇ ತೊಟ್ಟಿಲಿನ ಕೊನೆಯ ದಿನವಾಗುತ್ತದೆ.

ಮಗು ನಿಲ್ಲುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆರೋಗ್ಯವಂತ ಮಕ್ಕಳು ಆಸರೆ ಹಿಡಿದು ನಿಲ್ಲಲು ಕಲಿಯುವುದು 4.8ರಿಂದ 11.4 ತಿಂಗಳ ನಡುವೆ. ಪಕ್ಕದ ಮನೆಯ ಮಗು ಮೊದಲು ನಿಂತಿತೆಂದು ನೀವು ಕೊರಗಬೇಕಿಲ್ಲ. ಹಾಗೆಂದು ಮೈಮರೆಯಲೂ ಬಾರದು. ನಿನ್ನೆಯವರೆಗೆ ಬರೀ ಅಂಬೆಗಾಲಿಡುತ್ತಿದ್ದ ಮಗು ಇಂದು ಬೆಳಿಗ್ಗೆ ಅಂಚು ಹಿಡಿದು ನಿಂತಿರಬಹುದು.

ಮಲಗಿದ ಮಗುವಿನ ಭಾರ ತೊಟ್ಟಿಲಿನ ತಳದ ಉದ್ದಕ್ಕೂ ಹರಡಿರುತ್ತದೆ. ಎದ್ದಾಗ ಆ ಭಾರವೆಲ್ಲ ಒಂದೇ ಬದಿಗೆ ಬಿದ್ದು ತೊಟ್ಟಿಲು ವಾಲುತ್ತದೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು; ಹಾಗಾಗಿ ಮಗು ತಲೆಕೆಳಗಾಗಿಯೇ ಬೀಳುತ್ತದೆ. ಸೀರೆಯ ಜೋಲಿಯೂ ಇದಕ್ಕೆ ಹೊರತಲ್ಲ. ಆದ್ದರಿಂದ ಮಗು ಕೈಯೂರಿ ಮೇಲೇಳಲು, ಕೂರಲು ಯತ್ನಿಸಿದ ದಿನವೇ ತೂಗುವ ತೊಟ್ಟಿಲಿನ ಕೆಲಸ ಮುಗಿಯಿತೆಂದು ತಿಳಿಯಿರಿ.

‘ನಿಮ್ಮನ್ನೆಲ್ಲ ವರ್ಷ ತುಂಬುವವರೆಗೆ ಇದರಲ್ಲೇ ತೂಗಿದ್ದೇವೆ’ ಎಂದು ಅಜ್ಜಿ ಆಕ್ಷೇಪಿಸಬಹುದು. ನಿಜವೇ. ಆದರೆ ಅಂದು ತುಂಬಿದ ಮನೆಯಲ್ಲಿ ತೊಟ್ಟಿಲ ಬಳಿ ಯಾರಾದರೊಬ್ಬರು ಇರುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಅಡುಗೆ ಮಾಡುವವರೂ ಮಗು ನೋಡುವವರೂ ಒಬ್ಬರೇ.

ಸುತ್ತ ಕಟಕಟೆಯಿರುವ ಮಕ್ಕಳ ಮಂಚ ನಿಮ್ಮಲ್ಲಿದ್ದರೆ, ಮಗು ನಿಲ್ಲುವ ಮೊದಲೇ ಹಾಸಿಗೆಯ ಹಲಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ. ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಹಾಸಿಗೆ ಮತ್ತು ಕಟಕಟೆಯ ನಡುವೆ ನಿಮ್ಮ ಎರಡು ಬೆರಳು ತೂರುವಂತಿರಬಾರದು. ದಿಂಬು, ದೊಡ್ಡ ಬೊಂಬೆಗಳನ್ನು ತೆಗೆದುಬಿಡಿ. ನಿಂತ ಮಗುವಿಗೆ ಅವೇ ಮೆಟ್ಟಿಲಾಗುತ್ತವೆ. ಮೇಲೆ ತೂಗುಹಾಕಿದ ಆಟಿಕೆಗಳನ್ನೂ ಬಿಚ್ಚಿಡಿ. ಮಂಚ ಕಿಟಕಿ, ಪರದೆಯ ದಾರ, ಮೊಬೈಲ್ ಚಾರ್ಜರಿನ ವೈರುಗಳಿಂದ ದೂರವಿರಲಿ. ಮಲಗಿಸುವಾಗ ಕೊರಳಿನ ದಾರ, ತಾಯತ, ಸರ ಬೇಡ. ಅವು ಸಿಕ್ಕಿಹಾಕಿಕೊಂಡು ಕುತ್ತಿಗೆ ಬಿಗಿಯಬಹುದು.

ನೆಂಟರು ಕೊಟ್ಟ ಹಳೆಯ ಮಂಚವಾದರೆ ಇನ್ನಷ್ಟು ಎಚ್ಚರಿಕೆ ಬೇಕು. ಒಂದು ಬದಿ ಕೆಳಕ್ಕೆ ಜಾರುವ ಮಂಚಗಳ ಮಾರಾಟವನ್ನು ಅಮೆರಿಕ 2011ರಲ್ಲಿ ನಿಷೇಧಿಸಿತು, ಅಂಥದ್ದನ್ನು ಬಳಸಬೇಡಿ. ಸ್ಕ್ರೂಗಳನ್ನು ಬಿಗಿಮಾಡಿಸಿ. ನಿಂತ ಮಗು ಕಟಕಟೆಯನ್ನು ಕಚ್ಚುತ್ತದೆ. ನಮ್ಮ ದೇಶದಲ್ಲಿ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು.

ಮಂಚ ಕೊಳ್ಳಲಾಗದವರು ಚಿಂತಿಸಬೇಕಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೊಂದು ತೆಳು ಹಾಸಿಗೆ ಸಾಕು. ನೀರು ತುಂಬಿದ ಬಕೆಟ್, ಮೆಟ್ಟಿಲು, ಒಲೆ ಮಾತ್ರ ಮಗುವಿಗೆ ಎಟುಕದಿರಲಿ. ದೊಡ್ಡವರ ಮಂಚದಲ್ಲಿ ಸುತ್ತ ದಿಂಬಿಟ್ಟು ಮಲಗಿಸುವುದು ನೆಲಕ್ಕಿಂತ ಹೆಚ್ಚು ಅಪಾಯಕಾರಿ. ವಾಕರ್ ಖಂಡಿತ ಬೇಡ; ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ.

ಇನ್ನೊಂದು ಮಾತು. ನಿಲ್ಲಲು ಕಲಿತ ಮಗುವಿಗೆ ಕೂರಲು ಬಾರದು. ನಡುರಾತ್ರಿ ಕಟಕಟೆ ಹಿಡಿದು ನಿಂತು ಅಳುತ್ತಿದ್ದರೆ ಅದು ಹಟವಲ್ಲ. ಗದರಬೇಡಿ. ಹಗಲಿನಲ್ಲಿ ನೆಲದ ಮೇಲೆ ನಿಲ್ಲಿಸಿ, ಮೆಲ್ಲಗೆ ಮಂಡಿ ಮಡಿಸಿ ಕೂರಿಸುವುದನ್ನು ಅಭ್ಯಾಸ ಮಾಡಿಸಿ. ನಿಲ್ಲುವುದನ್ನು ಕಲಿಯಬೇಕಾದ ಜಾಗ ನೆಲ, ಮಂಚವಿರುವುದು ನಿದ್ದೆಗೆ.

ಎಷ್ಟು ಜಾಗರೂಕರಾಗಿದ್ದರೂ ಮಗು ಬೀಳಬಹುದು. ಬಿದ್ದ ಮೇಲೆ ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಮಗು ಈಗ ಕೂರಲು ಕಲಿಯುತ್ತಿದೆಯೇ? ಹಾಗಾದರೆ ತೊಟ್ಟಿಲು ಇಳಿಸಲು ಪಂಚಾಂಗ ನೋಡಬೇಕಾಗಿಲ್ಲ. ಈ ಭಾನುವಾರವೇ ಇಳಿಸಿ.